ದೇವರ ಪಾಲಿನ ಅಡಿಕೆ

ನಮ್ಮ ಮನೆಗೆ ಬಂದ ನೆಂಟರು ಕಾಲು ತೊಳೆಯುವ ಮೊದಲು ಸೋಡಾ ಬಾಟಲಿಗಳ ನಡುವೆ ದಾರಿ ಹುಡುಕಬೇಕಾಗುತ್ತಿತ್ತು. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಉಳಿದವರ ಮನೆಗಳಲ್ಲಿ ಕಟ್ಟೆ ದಾಟಿದರೆ ಪಡಸಾಲೆ, ನಮ್ಮಲ್ಲಿ ಕಟ್ಟೆ ದಾಟಿದರೆ ಕಾರಖಾನೆ. ಪಡಸಾಲೆಯ ನಟ್ಟನಡುವೆ ಕೈಯಿಂದ ತಿರುಗಿಸುವ ಕಬ್ಬಿಣದ ಸೋಡಾ ಯಂತ್ರ, ಅದರ ಮಗ್ಗುಲಿಗೆ ಗ್ಯಾಸಿನ ಸಿಲಿಂಡರು, ಗೋಡೆಗುಂಟ ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಹಸಿರು ಗಾಜಿನ ಗೋಲಿ ಬಾಟಲಿಗಳು. ಹಿತ್ತಲಲ್ಲಿ ಬಾಟಲಿ ತೊಳೆಯುವ ಕಲ್ಲಿನ ದೋಣಿ. ಅಡುಗೆಮನೆಯಲ್ಲಿ ಎರಡು ಒಲೆ. ಒಂದು ನಮ್ಮ ಹೊಟ್ಟೆಗೆ, ಅಲ್ಲಿ ನನ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಇನ್ನೊಂದು ಧಂದೆಗೆ, ಅಲ್ಲಿ ದೊಡ್ಡವ್ವ ಶುಂಠಿಯ ಪಾಕ, ಲಿಂಬೆಯ ಪಾಕ ಕಾಯಿಸುತ್ತಿದ್ದಳು. ನಮ್ಮ ಬಟ್ಟೆಗೆ, ಹಾಸಿಗೆಗೆ, ಕೊನೆಗೆ ಪುಂಡಿಪಲ್ಯಕ್ಕೂ ಶುಂಠಿಯ ವಾಸನೆ. ಸಾಲೆಯಲ್ಲಿ ನನ್ನ ಪಕ್ಕದ ಹುಡುಗಿ ನನ್ನ ಪಾಟಿಯನ್ನು ಮೂಸಿ ಮೂಗು ಮುರಿಯುತ್ತಿದ್ದಳು. ನನಗೇನೂ ಅವಮಾನವಾಗಲಿಲ್ಲ. ಅವಳ ಅಪ್ಪ ಕಚೇರಿಯ ಗುಮಾಸ್ತ, ಗುಮಾಸ್ತನ ಮನೆಗೆ ಯಾವ ವಾಸನೆ ಇರುತ್ತದೆ?

ಇವತ್ತಿಗೂ ಯಾರಾದರೂ ಅಂಗಡಿ ತೆರೆದೆ ಎಂದು ಪೇಢೆ ತಂದುಕೊಟ್ಟರೆ ನಾನು ಮೊದಲು ಕೇಳುವುದು, ಯಾರ ಹೆಸರಿಗೆ ತೆರೆದಿರಿ ಎಂದು. ಒಬ್ಬರದೋ, ಭಾಗೀದಾರರೋ, ಕಂಪನಿಯೋ? ಮೊಮ್ಮಕ್ಕಳು ನಗುತ್ತಾರೆ, ಅಜ್ಜಿಗೆ ವಕೀಲಿ ಹುಚ್ಚು ಎನ್ನುತ್ತಾರೆ. ನಗಲಿ. ಈ ಹುಚ್ಚು ನನಗೆ ಪುಸ್ತಕದಿಂದ ಬಂದದ್ದಲ್ಲ. ಆ ಎರಡನೆಯ ಒಲೆಯ ಮುಂದೆ ಕೂತು ಬಂದದ್ದು.

ಧಂದೆ ಶುರು ಮಾಡಿದವನು ನನ್ನ ಅಪ್ಪನ ಅಣ್ಣ, ದೊಡ್ಡಪ್ಪ. ಅವನು ಇರುವ ತನಕ ಸೋಡಾ ಅವನದು, ಅಷ್ಟೇ. ಯಂತ್ರ ತಂದವನು ಅವನು, ಗಿರಾಕಿ ಹಿಡಿದವನು ಅವನು, ಮಾತು ಕೊಟ್ಟವನೂ ಅವನೇ. ಯಂತ್ರದ ಕೆಲಸಕ್ಕೆ ಹಸನ್ ಚಾಚಾ ಇದ್ದ. ನಮ್ಮ ಓಣಿಯ ತುದಿಯಲ್ಲೇ ಅವನ ಮನೆ. ಯಾವ ಯಂತ್ರವೇ ಇರಲಿ, ಕಿವಿಗೊಟ್ಟು ಕೇಳಿ ಎಲ್ಲಿ ನೋವು ಎಂದು ಹೇಳುತ್ತಿದ್ದ. ದೊಡ್ಡಪ್ಪ ಅವನಿಗೆ ಪಗಾರ ಗೊತ್ತು ಮಾಡಲಿಲ್ಲ, ಲಾಭದಲ್ಲಿ ಪಾಲು ಎಂದು ಬಾಯಿಮಾತಿನಲ್ಲಿ ಹೇಳಿದ. ಮಡಿವಂತ ಗಿರಾಕಿಗಳು ಯಾರು ತುಂಬಿದ ನೀರು ಎಂದು ಕೇಳಿದರೆ ದೊಡ್ಡಪ್ಪನ ಉತ್ತರ ತಯಾರಿತ್ತು.

"ಗೋಲಿ ಮುಚ್ಚಿದ ಮ್ಯಾಲೆ ಗಾಳಿನೂ ಒಳಗ ಹೋಗೂದಿಲ್ರಿ. ಇನ್ನ ಜಾತಿ ಎಲ್ಲಿಂದ ಹೋಗತೈತಿ?"

ನಮ್ಮ ಮನೆಯಲ್ಲಿ ವರ್ಷ ಬದಲಾಗುವುದು ದೀಪಾವಳಿಯ ಪಾಡ್ಯದ ದಿನ. ಎಲ್ಲರೂ ಎಣ್ಣೆ ಹಚ್ಚಿ ಎರೆದುಕೊಂಡು, ಯಂತ್ರಕ್ಕೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಅದರ ಮುಂದೆ ಒಂದು ಹಿತ್ತಾಳೆಯ ತಟ್ಟೆ ಇಡುವುದು. ತಟ್ಟೆಯಲ್ಲಿ ಅಡಿಕೆ. ಧಂದೆಯಲ್ಲಿ ಎಷ್ಟು ಜನರ ಪಾಲೋ ಅಷ್ಟು ಅಡಿಕೆ. ಮಂಗಳಾರತಿ ಆದಮೇಲೆ ಪಾಲಿನವರು ತಮ್ಮ ತಮ್ಮ ಅಡಿಕೆ ಎತ್ತಿಕೊಂಡು ಎಲ್ಲರೆದುರು ಒಡೆದು ಬಾಯಿಗೆ ಹಾಕಿಕೊಳ್ಳಬೇಕು. ಬಾಯಿಗೆ ಹಾಕಿಕೊಂಡರೆ ಮುಂದಿನ ಪಾಡ್ಯದ ತನಕ ಕೂಡಿ ಇರುತ್ತೇನೆ ಎಂದು ಮಾತು ಕೊಟ್ಟ ಹಾಗೆ. ಕಾಗದ ಪತ್ರ ಎಲ್ಲ ಆಮೇಲೆ ಬಂದವು, ಮೊದಲಿಗೆ ನಮ್ಮ ಕರಾರು ಇದೇ. ಅದರಲ್ಲಿ ಒಂದು ಅಡಿಕೆ ಮನೆದೇವರು ವೀರಭದ್ರನದು. ದೇವರೂ ನಮ್ಮ ಧಂದೆಯಲ್ಲಿ ಪಾಲುಗಾರ ಎಂದು ದೊಡ್ಡಪ್ಪ ಮೊದಲ ದಿನವೇ ಸಾರಿಬಿಟ್ಟಿದ್ದ. ಆ ಪಾಲಿನಿಂದ ಶ್ರಾವಣದ ಕಡೇ ಸೋಮವಾರ ಕಟ್ಟೆಯ ಮೇಲೆ ಬಂದವರಿಗೆಲ್ಲ ಪಾನಕ, ಮೊಹರಮ್ಮಿನಲ್ಲಿ ಪಂಜಾದ ಮೆರವಣಿಗೆ ನಮ್ಮ ಓಣಿಗೆ ಬಂದಾಗ ಎಲ್ಲರಿಗೂ ಶರಬತ್ತು. ಎರಡನ್ನೂ ಮಾಡುವವಳು ದೊಡ್ಡವ್ವ. ದೇವರ ಅಡಿಕೆಯನ್ನು ಒಳಗಿನ ದೇವರ ಜಗಲಿಯ ಮೇಲೆ ಇಡುವವಳೂ ಅವಳೇ. ಅವಳ ಹೆಸರಿನ ಅಡಿಕೆ ಆ ತಟ್ಟೆಯಲ್ಲಿ ಯಾವತ್ತೂ ಇರಲಿಲ್ಲ. ಇರಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ.

ನಾನು ಇನ್ನೂ ಸಾಲೆಗೆ ಹೋಗದ ವಯಸ್ಸಿನಲ್ಲಿ ದೊಡ್ಡಪ್ಪ ಜ್ವರ ಬಂದು ತೀರಿಕೊಂಡ. ಅವರಿಗೆ ಮಕ್ಕಳಿರಲಿಲ್ಲ. ಕುಲಕರ್ಣಿ ವಕೀಲರು ಮನೆಗೆ ಬಂದು ಇದ್ದ ಒಂದೇ ಕುರ್ಚಿಯಲ್ಲಿ ಕೂತು ಕಾಯದೆ ತಿಳಿಸಿದರು. ಧಂದೆ ಒಟ್ಟು ಮನೆತನದ ದುಡ್ಡಿನಿಂದ ಹುಟ್ಟಿದ್ದು, ಆದ್ದರಿಂದ ಅದು ಮನೆತನದ್ದು. ಅಣ್ಣ ಹೋದರೆ ತಮ್ಮಂದಿರಿಗೆ, ಅಂದರೆ ನನ್ನ ಅಪ್ಪನಿಗೂ ಮಲ್ಲೇಶಿ ಕಾಕಾನಿಗೂ ಬರುತ್ತದೆ. ಅಣ್ಣನ ಹೆಂಡತಿಗೆ ಅನ್ನ, ಅರಿವೆ. ಇದನ್ನು ಆಮೇಲೆ ಅವ್ವ ನನಗೆ ಹೇಳಿದ್ದು. ದೊಡ್ಡವ್ವ ಅಂದು ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿ, ಒಳಗೆ ಹೋಗಿ ಪಾಕದ ಒಲೆ ಹೊತ್ತಿಸಿದಳಂತೆ. ಅಂದಿನಿಂದ ಅವಳು ಅಡಿಕೆ ತಿನ್ನುವುದನ್ನು ಬಿಟ್ಟಳು. ಮದುವೆಯಾದಂದಿನಿಂದ ಗಂಡ ಹೆಂಡತಿ ಊಟವಾದ ಮೇಲೆ ಒಂದೇ ಅಡಿಕೆ ಒಡೆದು ಹಂಚಿಕೊಂಡವರು. ಒಬ್ಬಳೇ ತಿನ್ನಲಾರೆ ಎಂದಳಂತೆ.

ದೊಡ್ಡಪ್ಪ ಹೋದಮೇಲೆ ಹಸನ್ ಚಾಚಾನ ಮನೆಯವರಿಗೆ ಹೆದರಿಕೆ ಹತ್ತಿತು. ಬಾಯಿಮಾತು ಕೊಟ್ಟವನೇ ಇಲ್ಲ, ನಾಳೆ ಇವರು ಇಲ್ಲವೆಂದರೆ? ಅಪ್ಪನಿಗೂ ಅದು ನ್ಯಾಯ ಅನ್ನಿಸಿತು. ಒಂದೆರಡು ವರ್ಷ ಹಾಗೂ ಹೀಗೂ ನಡೆದ ಮೇಲೆ ವಕೀಲರನ್ನು ಮತ್ತೆ ಕರೆಸಿದರು. ಧಂದೆಯ ಮಟ್ಟಿಗೆ ಅಣ್ಣತಮ್ಮಂದಿರು ಪಾಲು ಹಂಚಿಕೊಂಡು, ಹಸನ್ ಚಾಚಾನನ್ನು ಸೇರಿಸಿ ಭಾಗೀದಾರಿಯ ಪತ್ರ ಮಾಡುವುದೆಂದು ಗೊತ್ತಾಯಿತು. ನನಗೆ ಆಗ ಏಳೆಂಟು ವರ್ಷ, ದೊಡ್ಡವ್ವನ ಹತ್ತಿರ ಕೂತು ಶುಂಠಿಯ ಸಿಪ್ಪೆ ಕೆರೆಯುತ್ತಿದ್ದೆ. ಪಡಸಾಲೆಯಲ್ಲಿ ಅಪ್ಪ ಪಾಲಿನವರ ಹೆಸರು ಹೇಳುತ್ತ ಬಂದು ನಾಲ್ಕನೆಯದು ವೀರಭದ್ರ ದೇವರು ಎಂದ. ವಕೀಲರು ಲೆಕ್ಕಣಿಕೆ ಕೆಳಗಿಟ್ಟರು.

"ದೇವರನ್ನ ಭಾಗೀದಾರ ಮಾಡ್ಲಿಕ್ಕೆ ಬರೂದಿಲ್ರಿ ಚನ್ನಬಸಪ್ಪನವರ."

"ಯಾಕ್ರಿ? ಅಣ್ಣ ಇದ್ದಾಗಿಂದ ಐತಲ್ಲ."

"ಭಾಗೀದಾರ ಅಂದ್ರ ಲಾಭ ಬಂದ್ರ ತಗೊಳ್ಳಾಂವ, ನುಕ್ಸಾನ ಬಂದ್ರ ಮೈಮ್ಯಾಲೆ ಹಾಕ್ಕೊಳ್ಳಾಂವ. ವೀರಭದ್ರ ಲಾಭ ತಗೋತಾನ, ಒಪ್ಪಿದೆ. ನುಕ್ಸಾನ ಆದ್ರ ಗುಡಿ ಗಂಟಿ ಬಿಚ್ಚಿ ಕೊಡ್ತಾನೇನು? ಇಲ್ಲಿ ಸಹಿ ಯಾರು ಮಾಡೋರು?"

ಅಣ್ಣ ಇಟ್ಟ ದೇವರ ಪಾಲನ್ನು ತೆಗೆಯಲು ಅಪ್ಪ ಒಪ್ಪಲಿಲ್ಲ. ಹಸನ್ ಚಾಚಾನೂ ಬೇಡ ಎಂದ, ಮೊಹರಮ್ಮಿನ ಶರಬತ್ತು ತಪ್ಪಬಾರದು, ಅದು ಅಣ್ಣಾರ ಮಾತು ಎಂದ. ಆಗ ದಾರಿ ತೋರಿಸಿದವನು ಮಲ್ಲೇಶಿ ಕಾಕಾ. ಹುಡುಗಾಟದ ಮನುಷ್ಯ, ಕೋಟು ಹಾಕುವ ಶೋಕಿ, ನಾಲಗೆ ಚುರುಕು.

"ದೇವರ ಪಾಲು ವೈನಿಯವರ ಹೆಸರಿಗೆ ಬರೀರಿ. ಪಾನಕ ಮಾಡೋರು ಹೆಂಗೂ ಅವರ. ದೇವರೂ ಮಾತಾಡೂದಿಲ್ಲ, ಅವರೂ ಮಾತಾಡೂದಿಲ್ಲ. ಎರಡೂ ಒಂದ."

ಎಲ್ಲರೂ ನಕ್ಕರು. ದೊಡ್ಡವ್ವ ಕೈಯಲ್ಲಿದ್ದ ಸವಟು ಹಿಡಿದೇ ಎದ್ದು ಅಡುಗೆಮನೆಯ ಹೊಸ್ತಿಲಿಗೆ ಹೋದಳು.

"ವಕೀಲರ, ನನ್ನ ಹೆಸರು ಬರದ್ರ ನನ್ನ ಮ್ಯಾಲೆ ಏನೇನು ಬರತೈತಿ, ಅದನ್ನಷ್ಟು ಹೇಳ್ರಿ."

ವಕೀಲರು ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರು. ಒಳ್ಳೆಯ ಮನುಷ್ಯ, ಹೆಂಗಸು ಕೇಳಿದಳೆಂದು ಅರ್ಧ ಹೇಳಿ ಬಿಡಲಿಲ್ಲ.

"ನುಕ್ಸಾನ ಆದ್ರ ನೀವೂ ಜವಾಬ್ದಾರರು. ಒಬ್ಬರು ಮಾಡಿದ ತಪ್ಪಿಗೆ ಎಲ್ಲಾರೂ ಉತ್ತರ ಕೊಡಬೇಕು. ಇನ್ನ, ಹೊಸಬರನ್ನ ಒಳಗ ತಗೋಬೇಕಂದ್ರ, ಧಂದೆನ ಬ್ಯಾರೆ ರೂಪಕ್ಕ ತರಬೇಕಂದ್ರ, ನಿಮ್ಮನ್ನೂ ಕೇಳಬೇಕಾಗ್ತದ."

"ನನ್ನ ಕೇಳಬೇಕಾಗತೈತಿ?"

"ಕೇಳಬೇಕಾಗ್ತದ್ರೆವಾ. ನೀವು ಹೂಂ ಅನ್ನದ ಆಗೂದಿಲ್ಲ."

ಅವಳು ಸವಟನ್ನು ನನ್ನ ಕೈಗೆ ಕೊಟ್ಟಳು, ಸೆರಗಿನಿಂದ ಕೈ ಒರೆಸಿಕೊಂಡಳು, ಹೋಗಿ ಗೌರವ್ವ ಎಂದು ತನ್ನ ಹೆಸರು ಬರೆದಳು. ಉಪ್ಪಿನಬೆಟಗೇರಿಯ ತವರಿನಲ್ಲಿ ಅಣ್ಣನ ಪಕ್ಕ ಕೂತು ಕಲಿತ ಅಕ್ಷರ. ಬಹಳ ಹೊತ್ತು ಹಿಡಿಯಿತು, ಆದರೆ ಯಾರೂ ಅವಸರ ಮಾಡಲಿಲ್ಲ. ಮುಂದಿನ ಪಾಡ್ಯಕ್ಕೂ ತಟ್ಟೆಯಲ್ಲಿ ನಾಲ್ಕು ಅಡಿಕೆ ಇದ್ದವು, ನಾಲ್ಕನೆಯದನ್ನು ಅವಳು ಎಂದಿನಂತೆ ಒಯ್ದು ಜಗಲಿಯ ಮೇಲೆ ಇಟ್ಟಳು.

ಆಮೇಲಿನ ವರ್ಷಗಳು ಒಳ್ಳೆಯವು. ಧಂದೆ ಬೆಳೆಯಿತು, ಸುಳ್ಳ ಎಂಬ ಊರಿನ ಕಡೆಯ ಹಳ್ಳಿಗಳಿಗೂ ಚಕ್ಕಡಿಯಲ್ಲಿ ಪೆಟ್ಟಿಗೆ ಹೋಗತೊಡಗಿದವು. ಯುದ್ಧ ಶುರುವಾದ ಮೇಲೆ ರೈಲಿನಲ್ಲಿ ಸಿಪಾಯಿಗಳ ಓಡಾಟ ಹೆಚ್ಚಿ ಸೋಡಾ ಸಾಲದಾಯಿತು. ಎಂಜಿನ್ನಿನಿಂದ ನಡೆಯುವ ಹೊಸ ಯಂತ್ರ ಬಂದು ಹಿತ್ತಲಿನ ತಗಡಿನ ಚಪ್ಪರದಲ್ಲಿ ಕೂತಿತು. ಅದರ ಜೊತೆಗೇ ಮಲ್ಲೇಶಿ ಕಾಕಾನ ತಲೆಗೆ ಲಿಮಿಟೆಡ್ ಎಂಬ ಹುಳು ಹೊಕ್ಕಿತು. ಅರಳೆಯ ವ್ಯಾಪಾರದ ಒಬ್ಬ ಶೇಠರು ಅವನ ಗೆಳೆಯರಾಗಿದ್ದರು. ಅವರು ಬಂಡವಾಳ ಹಾಕುತ್ತಾರೆ, ಧಂದೆ ಕಂಪನಿಯಾಗುತ್ತದೆ, ಊರ ಹೊರಗೆ ದೊಡ್ಡ ಶೆಡ್ಡು ಕಟ್ಟುವುದು, ಪಾಕ ಸಹ ಅಲ್ಲೇ ಕಡಾಯಿಗಳಲ್ಲಿ ಕಾಯುತ್ತದೆ, ಈ ಮನೆ ಮಾರಿ ಅಣ್ಣತಮ್ಮಂದಿರು ಬೇರೆ ಬೇರೆ ಮನೆ ಮಾಡುವುದು. ಊಟಕ್ಕೆ ಕೂತಾಗಲೆಲ್ಲ ಇದೇ ಮಾತು. ಅಪ್ಪ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದರೆ, ಕಾಕಾ ಹಾಸಿಗೆಯನ್ನೇ ದೊಡ್ಡದು ಮಾಡೋಣ ಎನ್ನುವನು. ರೊಟ್ಟಿ ತಣ್ಣಗಾಗುತ್ತಿತ್ತು, ಝುಣಕ ಒಣಗುತ್ತಿತ್ತು. ಅವ್ವ ಮತ್ತು ಕಾಕಾನ ಹೆಂಡತಿ ಕಾಕೂ ಗೋಡೆ ನೋಡುತ್ತ ಬಡಿಸುತ್ತಿದ್ದರು. ಕೊನೆಕೊನೆಗೆ ಅಪ್ಪನೂ ಮೆತ್ತಗಾದ. ಮನೆಯಲ್ಲಿ ದಿನಾ ಜಗಳ ಬೇಡ, ಆಗಿಹೋಗಲಿ ಎಂದ.

ದೊಡ್ಡವ್ವನನ್ನು ಏನು ಮಾಡುವುದು ಎಂಬ ಮಾತೂ ಒಂದು ದಿನ ಊಟದಲ್ಲೇ ಬಂತು. ಆರು ತಿಂಗಳು ಅಪ್ಪನ ಮನೆ, ಆರು ತಿಂಗಳು ಕಾಕಾನ ಮನೆ. ಕಾಕಾ ಅದನ್ನು ಪ್ರೀತಿಯಿಂದಲೇ ಹೇಳಿದ. ಚಿಕ್ಕಂದಿನಲ್ಲಿ ತಾಯಿ ಸತ್ತ ಅವನನ್ನು ಸಾಕಿದವಳು ಅವಳೇ. ಮರುದಿನ ಮಧ್ಯಾಹ್ನ ದೊಡ್ಡವ್ವ ಲಿಂಬೆಹಣ್ಣು ಹಿಂಡುತ್ತ ನನಗೆ ಹೇಳಿದಳು.

"ನೀಲಾ, ಬೆಟಗೇರ್ಯಾಗ ನಮ್ಮ ಅತ್ತಿ ಒಬ್ಬಾಕಿ ಇದ್ಲು. ಮೂರು ಮಂದಿ ಮೈದನರು, ಮೂರು ಮನಿ. ಪಾಪ, ಎಲ್ಲಾರೂ ಛಲೋ ನೋಡ್ಕೊಂಡ್ರು, ಸುಳ್ಳು ಹೇಳಬಾರದು. ಆದ್ರ ಆಕಿ ಗಂಟು ಬಿಚ್ಚೂದ್ರಾಗ ಮತ್ತ ಕಟ್ಟೂ ಹೊತ್ತು ಬರತಿತ್ತು. ಸಾಯೂ ಮುಂದ ಕೇಳಿದ್ಲು, ನಾ ಈಗ ಯಾರ ಮನ್ಯಾಗ ಅದೀನಿ ಅಂತ."

ಹಿಂಡಿದ ಸಿಪ್ಪೆಯನ್ನೇ ಮತ್ತೆ ಮತ್ತೆ ಹಿಂಡುತ್ತಿದ್ದಳು.

"ನನಗ ಹೆದರಿಕಿ ಆಗೇತಿ ನೀಲಾ. ಈ ಒಲಿ ಮುಂದ ಕುಂತಾಗ ಇದು ನನ್ನ ಜಾಗಾ ಅನಸತೈತಿ. ಮತ್ತೆಲ್ಲೂ ಅನಸೂದಿಲ್ಲ."

ಅವಳು ಹೆದರಿಕೆ ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನಗೆ ಅಳು ಬಂತು, ಲಿಂಬೆಯ ರಸ ಕಣ್ಣಿಗೆ ಹತ್ತಿತೆಂದು ನೆಪ ಹೇಳಿದೆ.

ಆ ವರ್ಷದ ಪಾಡ್ಯಕ್ಕೆ ಕುಲಕರ್ಣಿ ವಕೀಲರು ಕಂಪನಿಯ ಕಾಗದ ಸಿದ್ಧ ಮಾಡಿಕೊಂಡು ಬಂದರು. ಪೂಜೆಯಾದ ಮೇಲೆ ಸಹಿ, ಆಮೇಲೆ ಹೋಳಿಗೆಯ ಊಟ ಎಂದು ಕಾಕಾನ ಯೋಜನೆ. ಯಂತ್ರಕ್ಕೆ ಮಂಗಳಾರತಿ ಆಯಿತು, ತಟ್ಟೆಯಲ್ಲಿ ಅಡಿಕೆಗಳು ಕಾಯುತ್ತಿದ್ದವು. ದೊಡ್ಡವ್ವ ಈ ಸಲ ಹೊಸ್ತಿಲಲ್ಲಿ ನಿಲ್ಲದೆ ಪಡಸಾಲೆಗೇ ಬಂದು, ಬಾಟಲಿಯ ಒಂದು ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

"ವಕೀಲರ, ಕಂಪನಿ ಅಂದ್ರ ಯಾರ್ರಿ?"

"ಯಾರು ಅಂತ ಅಲ್ರೆವಾ, ಏನು ಅಂತ ಕೇಳಬೇಕು. ಆದ್ರ ಕಾಯದೆದಾಗ ಅದೂ ಒಬ್ಬ ಮನಶ್ಯಾ ಇದ್ಧಾಂಗ. ಧಂದೆ ಇನ್ನ ನಿಮ್ಮ ಯಾರ ಹೆಸರಿನ್ಯಾಗೂ ಇರೂದಿಲ್ಲ, ಕಂಪನಿ ಹೆಸರಿನ್ಯಾಗ ಇರ್ತದ. ನುಕ್ಸಾನ ಆದ್ರ ನೀವು ಹಾಕಿದ್ದಷ್ಟ ಹೋಗ್ತದ, ಮನಿ ಮಠಕ್ಕ ಯಾರೂ ಕೈ ಹಚ್ಚೂದಿಲ್ಲ. ಪಾಲಿನವರು ಸತ್ರೂ ಕಂಪನಿ ಸಾಯೂದಿಲ್ಲ."

"ಅದು ಉಣ್ಣೂದಿಲ್ಲ, ಸಾಯೂದಿಲ್ಲ, ಕಣ್ಣಿಗೆ ಕಾಣೂದಿಲ್ಲ. ಅದಕ್ಕ ಧಂದೆ ಬರದು ಕೊಡಬಹುದು. ಹೌದಿಲ್ರಿ?"

"ಹೌದು."

"ಅಂದ ಮ್ಯಾಲೆ ವೀರಭದ್ರಗ ಯಾಕ ಆಗೂದಿಲ್ಲ ಅಂದ್ರಿ?"

ವಕೀಲರು ನಕ್ಕುಬಿಟ್ಟರು, ಹಸನ್ ಚಾಚಾ ತಲೆ ತಗ್ಗಿಸಿ ಮೀಸೆಯಲ್ಲಿ ನಕ್ಕ. ಅವಳು ಮಾತ್ರ ನಗಲಿಲ್ಲ.

"ಇರಲಿ, ಇನ್ನೊಂದು ಹೇಳ್ರಿ. ಅಲ್ಲಿ ನನ್ನ ಕೇಳಬೇಕಾಗತೈತೇನು?"

"ಸಭಾಕ್ಕ ಕರೀತಾರ. ಆದ್ರ ಅಲ್ಲಿ ತಲಿ ಎಣಿಸೂದಿಲ್ರೆವಾ, ಪಾಲು ಎಣಸ್ತಾರ. ಶೇಠರ ಪಾಲು ಅರ್ಧಕ್ಕಿಂತ ಹೆಚ್ಚದ."

"ಹಂಗಾರ ನಾ ಒಲ್ಲೆ."

ಕಾಕಾ ಮೊದಲು ಅರ್ಥವಾಗದವನಂತೆ ನೋಡಿದ, ಆಮೇಲೆ ಅವನ ಮುಖ ಕೆಂಪಾಯಿತು.

"ವೈನಿ, ನಿಮ್ಮ ಹೆಸರು ಸುಮ್ಮನ ಹಾಕಿದ್ದು. ಪಾಲು ದೇವರದು."

"ದೇವರದಂದ್ರ ದೇವರನ್ನ ಕರಿ. ಬಂದು ಹೂಂ ಅನ್ನಲಿ. ಅಲ್ಲೀ ತನಕ ಕೇಳಬೇಕಾದದ್ದು ನನ್ನ."

"ಊರಾಗಿನ ಮಂದಿ ನಗತಾರ್ರಿ. ಶೇಠರಿಗೆ ನಾ ಮಾತು ಕೊಟ್ಟೇನಿ."

"ನಿನ್ನ ಮಾತು ನೀ ಕೊಟ್ಟಿ ಮಲ್ಲೇಶಿ. ನಂದು ನೀ ಹೆಂಗ ಕೊಡತಿ?"

ಕಾಕಾ ಹಸನ್ ಚಾಚಾನ ಕಡೆ ತಿರುಗಿದ. ಚಾಚಾ ಅಷ್ಟು ದಿನ ಹೂಂ ಎಂದೇ ಇದ್ದವನು. ಈಗ ಎರಡು ಕೈಯನ್ನೂ ಯಂತ್ರದ ಮೇಲೆ ಇಟ್ಟುಕೊಂಡು ನಿಂತಿದ್ದ.

"ಭಾಬಿ ಒಲ್ಲೆ ಅಂದ್ರ ನಾನೂ ಒಲ್ಲೆ. ಖರೇ ಹೇಳಬೇಕಂದ್ರ ನನ್ನ ಮನಸಿನ್ಯಾಗೂ ಇದ್ದಿದ್ದಿಲ್ಲ. ಹೇಳಾಕ ಧೈರ್ಯ ಆಗಲಿಲ್ಲ."

ವಕೀಲರು ಕಾಯದೆಯ ಇನ್ನೊಂದು ಮಗ್ಗುಲನ್ನೂ ಹೇಳಿದರು. ದೊಡ್ಡವ್ವ ಒಪ್ಪದೆ ಕಂಪನಿ ಮಾಡಲು ಬಾರದು, ಖರೆ. ಆದರೆ ಈ ಭಾಗೀದಾರಿಗೆ ಅವಧಿ ಬರೆದಿಲ್ಲ, ಆದ್ದರಿಂದ ಯಾವ ಭಾಗೀದಾರನಾದರೂ ನೋಟೀಸು ಕೊಟ್ಟು ಅದನ್ನು ಮುರಿಯಬಹುದು. ಕಾಕಾ ಅದನ್ನು ಕೇಳಿ ಎದ್ದು ನಿಂತ, ಹಾಗಾದರೆ ಮುರಿಯುತ್ತೇನೆ ಎಂದ. ಅಪ್ಪ ಅವನ ಕೈ ಹಿಡಿದು ಕೂಡಿಸಲು ನೋಡಿದ, ಆಗಲಿಲ್ಲ. ದೊಡ್ಡವ್ವ ಕೂತಲ್ಲಿಂದ ಏಳಲಿಲ್ಲ.

"ಮುರಿ. ಹೊಸಾ ಯಂತ್ರ ನೀ ಒಯ್ಯಿ, ನಿನಗದು ಬೇಕಾಗತೈತಿ. ಈ ಹಳೇದು ನಿಮ್ಮಣ್ಣ ತಂದಿದ್ದು. ಇದು ಮತ್ತ ನನ್ನ ಒಲಿ ನನ್ನ ಪಾಲಿಗೆ ಇರಲಿ. ಪಾಕ ಕಾಸತೇನಿ, ಹಸನಪ್ಪ ತಿರವತಾನ. ಗಂಟು ಕಟ್ಟಿಕೊಂಡು ನಾ ಯಾರ ಮನಿಗೂ ಬರೂದಿಲ್ಲ."

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ತಟ್ಟೆಯಿಂದ ತನ್ನ ಅಡಿಕೆ ಎತ್ತಿ ಒಡೆದು ಬಾಯಿಗೆ ಹಾಕಿಕೊಂಡ. ಹಸನ್ ಚಾಚಾನೂ ಹಾಕಿಕೊಂಡ. ದೇವರದನ್ನು ದೊಡ್ಡವ್ವ ಜಗಲಿಯ ಮೇಲಿಟ್ಟಳು. ಕಾಕಾನ ಅಡಿಕೆ ತಟ್ಟೆಯಲ್ಲೇ ಉಳಿಯಿತು. ಅಂದು ಹೋಳಿಗೆ ಇತ್ತು, ಯಾರು ಎಷ್ಟು ತಿಂದರೋ ನನಗೆ ನೆನಪಿಲ್ಲ.

ಕಾಕಾ ಹೊರಡುವ ದಿನ ಚಕ್ಕಡಿ ಬಾಗಿಲಿಗೆ ಬಂದು ನಿಂತಿತ್ತು. ಹೊಸ ಯಂತ್ರ ಆಗಲೇ ಹೋಗಿತ್ತು, ಕಾಕೂ ಹುಡುಗರನ್ನು ಹತ್ತಿಸುತ್ತಿದ್ದಳು. ಅವನು ದೊಡ್ಡವ್ವನ ಪಾದ ಮುಟ್ಟಿದ, ಎದ್ದಾಗ ಕಣ್ಣು ತುಂಬಿದ್ದವು. ಅವಳು ಸೆರಗಿನ ಗಂಟಿನಿಂದ ಅವನು ಬಿಟ್ಟುಹೋದ ಅಡಿಕೆ ತೆಗೆದು ಅವನ ಕೋಟಿನ ಜೇಬಿಗೆ ಹಾಕಿದಳು.

"ಇದು ನಿಂದು. ಅಲ್ಲಿ ಪೂಜಾ ಮಾಡಿ ತಿನ್ನು. ಶ್ರಾವಣದಾಗ ಪಾನಕಕ್ಕ ಬಾ."

ಅವನು ಬಂದ. ಪ್ರತಿ ಶ್ರಾವಣಕ್ಕೂ ಬಂದ, ಕಟ್ಟೆಯ ಮೇಲೆ ಎಲ್ಲರ ಸಾಲಿನಲ್ಲಿ ನಿಂತು ಲೋಟ ಚಾಚಿದ. ಅವನ ಕಂಪನಿಯೂ ಚೆನ್ನಾಗಿಯೇ ನಡೆಯಿತು, ಅದನ್ನು ಕೆಟ್ಟದ್ದೆಂದು ಹೇಳಲು ನನಗೆ ಯಾವ ಕಾರಣವೂ ಇಲ್ಲ. ಕಾಕಾ ತೀರಿಕೊಂಡ ಮೇಲೂ ಅದು ಬದುಕಿತ್ತು, ಆ ಮಟ್ಟಿಗೆ ವಕೀಲರು ಹೇಳಿದ್ದು ಖರೆ. ಯಾವ ರೂಪ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಹೇಳಲಾರೆ. ಮನೆತನದ ಧಂದೆಯಲ್ಲಿ ದೊಡ್ಡವ್ವನಿಗೆ ಅನ್ನವಿತ್ತು, ಮಾತಿರಲಿಲ್ಲ. ಕಂಪನಿಯಲ್ಲಿ ಕುರ್ಚಿ ಸಿಗುತ್ತಿತ್ತು, ಮಾತಿಗೆ ತೂಕ ಇರುತ್ತಿರಲಿಲ್ಲ. ನಡುವಿನ ಭಾಗೀದಾರಿಯೊಂದರಲ್ಲಿ, ಅದೂ ದೇವರಿಗೆ ಸಹಿ ಬಾರದ್ದರಿಂದ, ಅವಳ ಹೂಂ ಅಥವಾ ಉಹೂಂ ಬೇಕಾಯಿತು.

ಕಾಕಾ ಬೇರೆಯಾದ ಮೇಲೆ ಹೊಸ ಪತ್ರ ಬರೆದದ್ದು ಗೌರಿ ಹುಣ್ಣಿಮೆಯ ದಿನ. ಓಣಿಯ ಹುಡುಗಿಯರು ಸಕ್ಕರೆ ಆರತಿ ಹಿಡಿದು ಹೊರಟಿದ್ದರು, ನಾನೂ ಹೊಸ ಪರಕಾರ ತೊಟ್ಟು ಬಾಗಿಲಲ್ಲಿದ್ದೆ. ದೊಡ್ಡವ್ವ ನನ್ನನ್ನು ಒಳಗೆ ಕರೆದಳು. ವಕೀಲರು ಅದೇ ಕುರ್ಚಿಯಲ್ಲಿ ಕೂತು ಅಪ್ಪನ ಹೆಸರು, ಹಸನ್ ಚಾಚಾನ ಹೆಸರು ಬರೆದಿದ್ದರು.

"ದೇವರ ಪಾಲು ಮೊದಲಿನಾಂಗ ನಿಮ್ಮ ಹೆಸರಿಗೆ ಬರೀಲೇನ್ರೆವಾ?"

"ಬ್ಯಾಡ್ರಿ. ದೇವರದು ಬ್ಯಾರೆ ಬರೀರಿ, ನಂದು ಬ್ಯಾರೆ ಬರೀರಿ. ದೇವರದು ಈ ಹುಡುಗಿ ಹೆಸರಿಗೆ ಇರಲಿ."

"ಈಕಿ ಇನ್ನೂ ಸಣ್ಣಾಕಿ. ಲಾಭಕ್ಕ ಸೇರಸಬಹುದು, ನುಕ್ಸಾನಕ್ಕ ಇಲ್ಲ. ದೊಡ್ಡಾಕಿ ಆದ ಮ್ಯಾಲೆ ಇರ್ತೇನೋ ಬಿಡ್ತೇನೋ ಅಂತ ಆಕೀನ ಹೇಳಬೇಕಾಗ್ತದ."

"ಹೇಳತಾಳ. ಆಗ ಆಕೀನ್ನ ಕೇಳ್ರಿ."

ಸಹಿಯಾದ ಮೇಲೆ ಯಂತ್ರದ ಮುಂದೆ ಮತ್ತೆ ಇಟ್ಟ ತಟ್ಟೆಯಲ್ಲಿ ಅಂದೂ ನಾಲ್ಕೇ ಅಡಿಕೆ. ಅಪ್ಪ ತನ್ನದನ್ನು ತಿಂದ, ಚಾಚಾ ತನ್ನದನ್ನು ತಿಂದ. ದೇವರದನ್ನು ದೊಡ್ಡವ್ವ ನನ್ನ ಕೈಗೆ ಕೊಟ್ಟಳು, ನಾನು ಒಯ್ದು ಜಗಲಿಯ ಮೇಲೆ ಇಟ್ಟು ತಿರುಗಿ ಬಂದೆ. ಅಷ್ಟರಲ್ಲಿ ಅವಳು ಅಡಕತ್ತು ತರಿಸಿದ್ದಳು. ಉಳಿದ ಒಂದನ್ನು ಎತ್ತಿ, ಎಲ್ಲರೆದುರು ಕಟ್ ಎಂದು ಒಡೆದು, ಎರಡೂ ಹೋಳನ್ನು ತಾನೇ ಬಾಯಿಗೆ ಹಾಕಿಕೊಂಡು ಅಗಿದಳು.